‘ತಮ್ಮದೇ ಶೈಲಿಯಲ್ಲಿ ವಿಚಾರಿಸಿದಾಗ’: ಪ್ರಭುತ್ವ ನಡೆಸುವ ಚಿತ್ರಹಿಂಸೆಗೆ ವ್ಯಾಖ್ಯೆ ಏಕೆ ಬೇಕು?

ಹೇಮಾವತಿ ತೀರ (ಚರ್ಚೆ ಆರಂಭಿಸಿದವರು)

ನಮ್ಮ ಪತ್ರಿಕೆಗಳ ಅಪರಾಧ ಸುದ್ದಿಗಳಲ್ಲಿ ಒಂದು ವಾಕ್ಯ ಮತ್ತೆ ಮತ್ತೆ ಬರುತ್ತದೆ: ‘ಪೊಲೀಸರು ತಮ್ಮದೇ ಶೈಲಿಯಲ್ಲಿ ವಿಚಾರಿಸಿದಾಗ ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ.’ ಆ ಶೈಲಿ ಯಾವುದೆಂದು ಬರೆದವರಿಗೂ ಗೊತ್ತು, ಓದುವವರಿಗೂ ಗೊತ್ತು. ಅದನ್ನು ಅದರ ಹೆಸರಿನಿಂದ ಕರೆಯಬೇಕೆಂದು ಮಾತ್ರ ಯಾರಿಗೂ ಅನ್ನಿಸುವುದಿಲ್ಲ. ಮೂವತ್ತು ವರ್ಷ ರಾಜ್ಯಶಾಸ್ತ್ರ ಪಾಠ ಮಾಡಿದ ನನಗೂ ಬಹಳ ಕಾಲ ಹಾಗೆ ಅನ್ನಿಸಿರಲಿಲ್ಲ.

ನಮ್ಮ ಕಾನೂನೂ ಅದಕ್ಕೆ ಹೆಸರಿಟ್ಟಿಲ್ಲ. ತಪ್ಪೊಪ್ಪಿಗೆ ಪಡೆಯಲು ಯಾರನ್ನಾದರೂ ಗಾಯಗೊಳಿಸುವುದು 1860ರ ದಂಡಸಂಹಿತೆಯಿಂದಲೂ ಅಪರಾಧವೇ. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 120ನೇ ಕಲಂನಲ್ಲಿದೆ. ಆದರೆ ಅಲ್ಲಿ ಕಾಣುವುದು ‘ಗಾಯ’ ಮತ್ತು ‘ತೀವ್ರ ಗಾಯ’ ಎಂಬ ಮಾತುಗಳೇ ಹೊರತು ಚಿತ್ರಹಿಂಸೆ ಎಂಬ ಪ್ರತ್ಯೇಕ ಅಪರಾಧವಲ್ಲ. ವಿಶ್ವಸಂಸ್ಥೆ 1984ರ ಡಿಸೆಂಬರ್ 10ರಂದು ಅಂಗೀಕರಿಸಿದ ಚಿತ್ರಹಿಂಸೆ ವಿರೋಧಿ ಒಡಂಬಡಿಕೆಗೆ ಭಾರತ 1997ರ ಅಕ್ಟೋಬರ್‌ನಲ್ಲಿ ಸಹಿ ಹಾಕಿತಾದರೂ ಅದನ್ನು ಅನುಮೋದಿಸಲಿಲ್ಲ. ಸಹಿಯಿಂದ ಇಂಗಿತ ತಿಳಿಯುತ್ತದೆ. ಕಟ್ಟುಪಾಡು ಬರುವುದು ಅನುಮೋದನೆಯಿಂದ.

ಆ ಒಡಂಬಡಿಕೆಯ ಮೊದಲ ವಿಧಿ ಹೇಳುವುದನ್ನು ಬಿಡಿಸಿ ನೋಡಿದರೆ ನಾಲ್ಕು ಎಳೆಗಳು ಸಿಗುತ್ತವೆ. ದೇಹಕ್ಕೋ ಮನಸ್ಸಿಗೋ ತೀವ್ರ ನೋವಾಗಿರಬೇಕು. ಅದನ್ನು ಬೇಕೆಂದೇ ಉಂಟುಮಾಡಿರಬೇಕು. ಮಾಹಿತಿ, ತಪ್ಪೊಪ್ಪಿಗೆ, ಶಿಕ್ಷೆ, ಬೆದರಿಕೆ, ತಾರತಮ್ಯದಂಥ ಉದ್ದೇಶ ಅದರ ಹಿಂದಿರಬೇಕು. ಸರ್ಕಾರದ ಅಧಿಕಾರಿಯೇ ಅದನ್ನು ಮಾಡಿರಬೇಕು, ಮಾಡಿಸಿರಬೇಕು, ಇಲ್ಲವೇ ಕಂಡೂ ಸುಮ್ಮನಿದ್ದಿರಬೇಕು. ಯುದ್ಧ, ತುರ್ತುಪರಿಸ್ಥಿತಿ, ಮೇಲಧಿಕಾರಿಯ ಆದೇಶ ಇವು ಯಾವುವೂ ಸಮರ್ಥನೆಯಾಗಲಾರವು ಎಂದು ಎರಡನೆಯ ವಿಧಿ ಸ್ಪಷ್ಟವಾಗಿ ಹೇಳುತ್ತದೆ.

ನನ್ನನ್ನು ಕಾಡುತ್ತಿರುವುದು ‘ತೀವ್ರ’ ಎಂಬ ಒಂದು ಪದ. ಸರ್ಕಾರಗಳು ನುಸುಳಿಕೊಂಡಿರುವುದು ಆ ಪದದ ಸಂದಿಯಲ್ಲೇ. 1971ರಲ್ಲಿ ಉತ್ತರ ಐರ್ಲೆಂಡಿನಲ್ಲಿ ಬ್ರಿಟಿಷ್ ಆಡಳಿತ 14 ಮಂದಿಯನ್ನು ಹಿಡಿದು, ತಲೆಗೆ ಮುಸುಕು ಹಾಕಿ, ಗೋಡೆಗೆ ಕೈಯೂರಿಸಿ ಗಂಟೆಗಟ್ಟಲೆ ನಿಲ್ಲಿಸಿ, ನಿದ್ದೆ, ಅನ್ನ, ನೀರು ತಪ್ಪಿಸಿ, ಎಡೆಬಿಡದ ಕರ್ಕಶ ಸದ್ದಿನಲ್ಲಿ ಇರಿಸಿತ್ತು. ಐರೋಪ್ಯ ಮಾನವ ಹಕ್ಕುಗಳ ಆಯೋಗ ಇದನ್ನು ಚಿತ್ರಹಿಂಸೆ ಎಂದಿತು. 1978ರಲ್ಲಿ ಅದೇ ವ್ಯವಸ್ಥೆಯ ನ್ಯಾಯಾಲಯ ಇದು ಅಮಾನವೀಯವೂ ಅವಮಾನಕರವೂ ಹೌದು, ಆದರೆ ಚಿತ್ರಹಿಂಸೆ ಎನ್ನುವಷ್ಟು ತೀವ್ರವಲ್ಲ ಎಂದಿತು. ಇಪ್ಪತ್ತನಾಲ್ಕು ವರ್ಷಗಳ ನಂತರ, 2002ರ ಆಗಸ್ಟ್ 1ರಂದು, ಅಮೆರಿಕದ ನ್ಯಾಯ ಇಲಾಖೆಯ ವಕೀಲರು ಒಂದು ಅಭಿಪ್ರಾಯಪತ್ರ ಬರೆದರು: ಅಂಗಾಂಗ ವೈಫಲ್ಯ ಅಥವಾ ಸಾವಿನ ಜೊತೆ ಬರುವಂಥ ನೋವಿಗೆ ಸಮನಾದ ನೋವು ಮಾತ್ರ ‘ತೀವ್ರ’. ಅದೇ ದಿನದ ಇನ್ನೊಂದು ಪತ್ರ, ಮಲಗಿಸಿ ಕಟ್ಟಿ ಮುಖದ ಬಟ್ಟೆಯ ಮೇಲೆ ನೀರು ಸುರಿದು ಉಸಿರುಗಟ್ಟಿಸುವ ವಿಧಾನಕ್ಕೂ ಒಪ್ಪಿಗೆ ನೀಡಿತು. ಆ ಆಗಸ್ಟ್ ತಿಂಗಳಲ್ಲಿ ಒಬ್ಬನೇ ಬಂಧಿತನ ಮೇಲೆ ಅದನ್ನು 83 ಬಾರಿ ಪ್ರಯೋಗಿಸಲಾಯಿತು.

ನೋವನ್ನು ಅಳೆಯುವ ಕೋಲು ನೋವು ಕೊಡುವವನ ಕೈಯಲ್ಲೇ ಇದ್ದರೆ ವ್ಯಾಖ್ಯೆಯಿಂದ ಯಾರಿಗೆ ರಕ್ಷಣೆ? ಬಲ್ಲವರು ಬರೆಯಬೇಕೆಂದು ಕೋರುತ್ತೇನೆ.

ಸಂಖ್ಯಾಪ್ರಿಯ

ಹಿರಿಯರೇ, ನಿಮ್ಮ ಬರಹವನ್ನು ಗೌರವದಿಂದ ಓದಿದೆ. ಆದರೂ ಒಂದು ಭಿನ್ನಾಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕಿದೆ. 2008ರ ಜುಲೈ 25ರಂದು ಬೆಂಗಳೂರಿನಲ್ಲಿ ಸರಣಿ ಸ್ಫೋಟಗಳಾದಾಗ ನಾನು ಆ ನಗರದಲ್ಲಿ ಕೆಲಸಕ್ಕಿದ್ದೆ. ಅಂದು ಮಧ್ಯಾಹ್ನ ಫೋನ್ ಸಿಗದೆ ಊರಿನಲ್ಲಿ ನಮ್ಮಮ್ಮ ಪಟ್ಟ ಪಾಡನ್ನು ನಾನು ಮರೆತಿಲ್ಲ. ಬಾಂಬ್ ಇಟ್ಟವನು ಪೊಲೀಸರ ಕೈಗೆ ಸಿಕ್ಕಿದ್ದಾನೆ, ಮುಂದಿನ ಬಾಂಬ್ ಎಲ್ಲಿದೆ ಎಂದು ಅವನಿಗೆ ಮಾತ್ರ ಗೊತ್ತು, ಉಳಿದಿರುವುದು ಒಂದು ಗಂಟೆ ಎಂದುಕೊಳ್ಳಿ. ಆಗಲೂ ಅವನ ಕೂದಲು ಕೊಂಕಬಾರದು ಎನ್ನುವುದಾದರೆ, ಆ ಗಂಟೆಯಲ್ಲಿ ಸಾಯುವವರಿಗೆ ನಾವು ಹೇಳುವುದೇನು? ಒಡಂಬಡಿಕೆಯ ‘ಯಾವ ಸಂದರ್ಭದಲ್ಲೂ ಇಲ್ಲ’ ಎಂಬ ಮಾತು ಇಂಥ ಗಳಿಗೆಯನ್ನು ನೋಡದೆ ಬರೆದದ್ದು ಎಂದೇ ನನಗೆ ತೋರುತ್ತದೆ.

ನಿವೃತ್ತ ಠಾಣಾಧಿಕಾರಿ

ನಾನು ಪಿಎಸ್‌ಐ ಆಗಿ ಸೇರಿ ಮೂವತ್ತೊಂದು ವರ್ಷ ಇಲಾಖೆಯಲ್ಲಿದ್ದು ನಿವೃತ್ತನಾದವನು. ಮೊದಲು ಸಂಖ್ಯಾಪ್ರಿಯ ಅವರಿಗೆ ಒಂದು ಮಾತು. ನನ್ನ ಸೇವಾವಧಿಯಲ್ಲಿ ಅಂಥ ಬಾಂಬಿನ ಗಂಟೆ ಒಮ್ಮೆಯೂ ಬರಲಿಲ್ಲ. ಠಾಣೆಯಲ್ಲಿ ಏಟು ಬಿದ್ದದ್ದೆಲ್ಲ ಸರಗಳವು, ಮನೆಗಳವು, ಪಂಪ್‌ಸೆಟ್ ಕಳವು, ಕುಡಿದು ಮಾಡಿದ ಜಗಳ ಇಂಥವಕ್ಕೆ. ಏಟು ತಿಂದವರಲ್ಲಿ ಹೆಚ್ಚಿನವರು ಜಾಮೀನು ಕೊಡಲು ಯಾರೂ ಇಲ್ಲದ ಬಡವರು.

ಒತ್ತಡ ಎಲ್ಲಿಂದ ಬರುತ್ತದೆ ಎಂಬುದನ್ನೂ ಹೇಳಬೇಕು. ಮೇಲಿನವರು ‘ಡಿಟೆಕ್ಷನ್ ಎಷ್ಟಾಯಿತು’ ಎಂದು ಪ್ರತಿ ತಿಂಗಳ ಸಭೆಯಲ್ಲಿ ಕೇಳುತ್ತಾರೆ. ದೂರು ಕೊಟ್ಟವರೇ ‘ಎರಡು ಬಿಗಿದು ಕೇಳಿ ಸಾರ್, ಬಾಯಿ ಬಿಡ್ತಾನೆ’ ಎನ್ನುತ್ತಾರೆ. ಬೆರಳಚ್ಚು ತಜ್ಞರು ಜಿಲ್ಲಾ ಕೇಂದ್ರದಿಂದ ಬರುವಷ್ಟರಲ್ಲಿ ಊರಿನವರೆಲ್ಲ ಬಾಗಿಲನ್ನು ಮುಟ್ಟಿರುತ್ತಾರೆ. ಹೀಗಿರುವಾಗ ಬಾಯಿ ಬಿಡಿಸುವುದೇ ತನಿಖೆ ಎನ್ನುವ ಅಭ್ಯಾಸ ಬೆಳೆಯುತ್ತದೆ. ನಾನು ಅದರಿಂದ ಹೊರಗಿದ್ದೆ ಎಂದು ಹೇಳಲಾರೆ.

ಒಂದು ಪ್ರಕರಣವನ್ನು ಇಲ್ಲಿ ಬರೆಯುತ್ತೇನೆ. ಊರನ್ನೂ ವರ್ಷವನ್ನೂ ಬರೆಯುವುದಿಲ್ಲ. ಹಳೆಯ ಕಳ್ಳನೆಂದು ಹೆಸರಿದ್ದ ಒಬ್ಬನನ್ನು ಕರೆತಂದು ಎರಡು ದಿನ ಕೂರಿಸಿಕೊಂಡೆವು. ಎರಡನೆಯ ರಾತ್ರಿ ಅವನ ಕೈಗಳನ್ನು ಹಿಂದಕ್ಕೆ ಕಟ್ಟಿ ಮೇಲಕ್ಕೆಳೆದರು. ಇಲಾಖೆಯಲ್ಲಿ ಅದಕ್ಕೆ ಏರೋಪ್ಲೇನ್ ಎನ್ನುತ್ತಾರೆ. ನಾನು ಪಕ್ಕದ ಕೋಣೆಯಲ್ಲಿ ಕುಳಿತು ಕಡತ ನೋಡುತ್ತಿದ್ದೆ. ಬೆಳಗಿನ ಹೊತ್ತಿಗೆ ಮೂರು ಸರಗಳವುಗಳನ್ನು ಒಪ್ಪಿಕೊಂಡ. ‘ಸರ ಎಲ್ಲಿ ಮಾರಿದೆ’ ಎಂದಾಗ ಒಂದು ಆಭರಣದ ಅಂಗಡಿ ತೋರಿಸಿದ. ಅಂಗಡಿಯವರು ಹೆದರಿ ಒಂದು ಸರವನ್ನು ಮೇಜಿನ ಮೇಲಿಟ್ಟರು. ಪಂಚರು ಸಹಿ ಹಾಕಿದರು, ಮಹಜರು ಆಯಿತು, ದೂರು ಕೊಟ್ಟ ಹೆಂಗಸು ‘ನನ್ನದೇ ಇರಬೇಕು’ ಎಂದರು. ಐದು ತಿಂಗಳ ಬಳಿಕ ಪಕ್ಕದ ಜಿಲ್ಲೆಯಲ್ಲಿ ಸಿಕ್ಕಿಬಿದ್ದ ಇನ್ನೊಬ್ಬನ ಬಳಿ ಆ ಹೆಂಗಸಿನ ನಿಜವಾದ ಸರ ಇತ್ತು. ಅದರ ಪದಕದ ಹಿಂದೆ ಅವರ ಹೆಸರು ಕೊರೆದಿತ್ತು. ಅಷ್ಟರಲ್ಲಿ ಮೊದಲನೆಯವನ ಬಲಗೈ ಭುಜದಿಂದ ಮೇಲೆ ಏಳುತ್ತಿರಲಿಲ್ಲ. ಗಾರೆ ಕೆಲಸ ಮಾಡಿ ಬದುಕುತ್ತಿದ್ದ ಮನುಷ್ಯ. ನಾನು ಅವನ ಮನೆಗೆ ಹೋಗಲಿಲ್ಲ, ಹೋಗಬೇಕಿತ್ತು.

ಅವನ ನೋವು ‘ತೀವ್ರ’ವೋ ಅಲ್ಲವೋ ಎಂದು ಅಂದು ಯಾರೂ ಅಳೆಯಲಿಲ್ಲ. ಅವನ ಕೈ ಕಟ್ಟಿತ್ತು, ಬಾಗಿಲು ಹಾಕಿತ್ತು, ಒಳಗಿದ್ದವರೆಲ್ಲ ನಾವೇ. ನನಗೆ ತಿಳಿದ ಮಟ್ಟಿಗೆ ವ್ಯಾಖ್ಯೆ ಇಷ್ಟೇ.

ಜಿಲ್ಲಾ ನ್ಯಾಯಾಲಯದ ವಕೀಲೆ

ಸರ್, ಇದನ್ನು ಬರೆಯಲು ನಿಮಗೆ ಎಷ್ಟು ಕಷ್ಟವಾಗಿರಬೇಕೆಂದು ಊಹಿಸಬಲ್ಲೆ. ನೀವು ಹೇಳಿದ ಮಹಜರು ನಮ್ಮ ಕಾನೂನಿನ ಒಂದು ಬಿರುಕನ್ನು ನೇರವಾಗಿ ತೋರಿಸುತ್ತದೆ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಆರೋಪಿಯ ವಿರುದ್ಧ ಸಾಕ್ಷ್ಯವಾಗದು ಎಂಬುದು 1872ರ ಸಾಕ್ಷ್ಯ ಅಧಿನಿಯಮದ 25ನೇ ಕಲಂ. ಆದರೆ ಆ ಹೇಳಿಕೆಯಿಂದ ವಸ್ತುವೊಂದು ಪತ್ತೆಯಾದರೆ, ಪತ್ತೆಗೆ ಸಂಬಂಧಿಸಿದಷ್ಟು ಮಾತನ್ನು ಒಪ್ಪಬಹುದು ಎಂದು 27ನೇ ಕಲಂ ಹೇಳುತ್ತಿತ್ತು. 2024ರ ಜುಲೈನಿಂದ ಜಾರಿಯಲ್ಲಿರುವ ಸಾಕ್ಷ್ಯ ಅಧಿನಿಯಮದ 23ನೇ ಕಲಂನಲ್ಲಿ ಇವೆರಡೂ ಒಟ್ಟಿಗೇ ಕುಳಿತಿವೆ. ಮೊದಲ ಅರ್ಧ ಬಾಗಿಲು ಹಾಕುತ್ತದೆ, ಎರಡನೆಯ ಅರ್ಧ ಕಿಟಕಿ ತೆರೆದಿಡುತ್ತದೆ. ‘ರಿಕವರಿ’ಗಾಗಿ, ಅಂದರೆ ಕಳವಾದ ವಸ್ತುವನ್ನು ಪತ್ತೆಮಾಡಿಸಲು, ನಡೆಯುವ ಹಿಂಸೆ ಆ ಕಿಟಕಿಯಿಂದಲೇ ಒಳಗೆ ಬರುತ್ತದೆ. ಒಡಂಬಡಿಕೆಯ 15ನೇ ವಿಧಿಯಾದರೋ ಚಿತ್ರಹಿಂಸೆಯಿಂದ ಬಂದ ಯಾವ ಹೇಳಿಕೆಯನ್ನೂ ಸಾಕ್ಷ್ಯವಾಗಿ ಬಳಸುವಂತಿಲ್ಲ ಎನ್ನುತ್ತದೆ. ಹಿಂಸಿಸಿದವನ ವಿರುದ್ಧದ ಪ್ರಕರಣದಲ್ಲಿ ಮಾತ್ರ ಬಳಸಬಹುದು.

25ನೇ ಕಲಂ ಸುಮ್ಮನೆ ಹುಟ್ಟಿದ್ದಲ್ಲ. 1855ರಲ್ಲಿ ಮದ್ರಾಸ್ ಪ್ರಾಂತ್ಯದ ಚಿತ್ರಹಿಂಸೆ ಆಯೋಗ ವರದಿ ಕೊಟ್ಟಿತು. ಬಳ್ಳಾರಿ ಮತ್ತು ಕೆನರಾ ಆಗ ಆ ಪ್ರಾಂತ್ಯದಲ್ಲೇ ಇದ್ದವು. ಕೈಬೆರಳುಗಳನ್ನು ಮರದ ತುಂಡುಗಳ ನಡುವೆ ಹಿಸುಕುವ ಕಿಟ್ಟಿ, ತಲೆಯನ್ನು ಕಾಲಿನತ್ತ ಬಗ್ಗಿಸಿ ಕಟ್ಟಿ ಬಿಸಿಲಿನಲ್ಲಿ ನಿಲ್ಲಿಸುವುದು ಇವೆಲ್ಲ ಅದರಲ್ಲಿ ದಾಖಲಾಗಿವೆ. ಗಮನಿಸಬೇಕಾದದ್ದು ಇವುಗಳ ಉದ್ದೇಶ: ಕಳ್ಳತನದ ತನಿಖೆಗಷ್ಟೇ ಅಲ್ಲ, ಕಂದಾಯ ವಸೂಲಿಗೂ ಇವನ್ನು ಬಳಸುತ್ತಿದ್ದರು. ಆಯೋಗ ದೋಷವನ್ನು ಕೆಳಹಂತದ ದೇಶೀ ನೌಕರರ ಮೇಲೆ ಹೊರಿಸಿತು. ಆ ಕಂದಾಯವನ್ನು ಗೊತ್ತುಮಾಡಿ ಅದರಿಂದ ಬದುಕಿದ ಸರ್ಕಾರ ಹೊರಗೆ ಉಳಿಯಿತು. ‘ಮಾಡಿಸಿದವರು ಮತ್ತು ಕಂಡೂ ಸುಮ್ಮನಿದ್ದವರು’ ಎಂಬ ಮಾತು ವ್ಯಾಖ್ಯೆಯಲ್ಲಿ ಇರಲೇಬೇಕು ಎನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ.

ನಮ್ಮಲ್ಲಿ ಪ್ರಯತ್ನಗಳೇ ನಡೆದಿಲ್ಲ ಎಂದಲ್ಲ. 1996ರ ಡಿ.ಕೆ. ಬಸು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ 11 ಸೂಚನೆಗಳನ್ನು ಕೊಟ್ಟಿತು: ಬಂಧನ ಪತ್ರಕ್ಕೆ ಸಾಕ್ಷಿಯ ಸಹಿ, ಮನೆಯವರಿಗೆ ಸುದ್ದಿ, ವಶದಲ್ಲಿರುವಾಗ 48 ಗಂಟೆಗೊಮ್ಮೆ ವೈದ್ಯಕೀಯ ತಪಾಸಣೆ ಇತ್ಯಾದಿ. ಸಂವಿಧಾನದಲ್ಲಾಗಲಿ ದಂಡಸಂಹಿತೆಯಲ್ಲಾಗಲಿ ಚಿತ್ರಹಿಂಸೆಗೆ ವ್ಯಾಖ್ಯೆ ಇಲ್ಲವೆಂದು ಆ ತೀರ್ಪೇ ಗುರುತಿಸಿತ್ತು. 2010ರ ಮೇ ತಿಂಗಳಲ್ಲಿ ಚಿತ್ರಹಿಂಸೆ ತಡೆ ಮಸೂದೆ ಲೋಕಸಭೆಯಲ್ಲಿ ಅಂಗೀಕಾರವಾಯಿತು. ಅದರ ವ್ಯಾಖ್ಯೆ ಕಿರಿದಾಗಿತ್ತು: ತೀವ್ರ ಗಾಯ ಆಗಿರಬೇಕು ಇಲ್ಲವೇ ಜೀವಕ್ಕೋ ಅಂಗಕ್ಕೋ ಆರೋಗ್ಯಕ್ಕೋ ಅಪಾಯ ಬಂದಿರಬೇಕು, ಉದ್ದೇಶ ಮಾಹಿತಿ ಅಥವಾ ತಪ್ಪೊಪ್ಪಿಗೆ ಮಾತ್ರ ಆಗಿರಬೇಕು, ಆರು ತಿಂಗಳೊಳಗೆ ದೂರು ಬಂದಿರಬೇಕು, ಸರ್ಕಾರದ ಪೂರ್ವಾನುಮತಿಯೂ ಬೇಕು. ರಾಜ್ಯಸಭೆಯ ಆಯ್ಕೆ ಸಮಿತಿ ಅದನ್ನು ತಿದ್ದಿ ಕೊಟ್ಟರೂ ಮುಂದೆ ಸಾಗದೆ 2014ರಲ್ಲಿ ಲೋಕಸಭೆಯ ಜೊತೆ ಮಸೂದೆಯೂ ಮುಗಿಯಿತು. 2017ರ ಅಕ್ಟೋಬರ್‌ನಲ್ಲಿ ಕಾನೂನು ಆಯೋಗ ತನ್ನ 273ನೇ ವರದಿಯಲ್ಲಿ ಹೊಸ ಕರಡು ಕೊಟ್ಟು, ವಶದಲ್ಲಿದ್ದವರ ಮೈಮೇಲೆ ಗಾಯ ಕಂಡರೆ ಅದು ಹೇಗಾಯಿತೆಂದು ವಿವರಿಸುವ ಹೊಣೆ ಪೊಲೀಸರದೇ ಆಗಬೇಕೆಂದು ಶಿಫಾರಸು ಮಾಡಿತು. ಅದು ಕಾನೂನಾಗಲಿಲ್ಲ.

ವೈದ್ಯೆ, ಮಲೆನಾಡು

ಮೇಡಂ, ಗಾಯದ ವಿಷಯಕ್ಕೆ ನನ್ನದೊಂದು ಮಾತು. ತಾಲ್ಲೂಕು ಆಸ್ಪತ್ರೆಯಲ್ಲಿ ಬಂಧಿತರನ್ನು ತಪಾಸಣೆಗೆ ತರುವಾಗ ಪೊಲೀಸರು ಜೊತೆಯಲ್ಲೇ ನಿಂತಿರುತ್ತಾರೆ. ‘ಏನಾದರೂ ನೋವಿದೆಯೇ’ ಎಂದರೆ ಬಂದವನು ಅವರ ಮುಖ ನೋಡಿ ‘ಇಲ್ಲ’ ಎನ್ನುತ್ತಾನೆ. ಅಂಗಾಲಿಗೆ ಹೊಡೆದ ಏಟಿನ ಬಾವು ಕೆಲವೇ ದಿನಗಳಲ್ಲಿ ಇಳಿಯುತ್ತದೆ. ನಿದ್ದೆಗೆಡಿಸಿದ್ದು, ನೀರು ಕೊಡದೇ ಇದ್ದದ್ದು, ಹೆಂಡತಿಯನ್ನು ಕರೆತರುತ್ತೇವೆಂದು ಹೆದರಿಸಿದ್ದು ಇವು ಚರ್ಮದ ಮೇಲೆ ಬರೆದಿರುವುದಿಲ್ಲ. ಆದ್ದರಿಂದ ಗಾಯವನ್ನೇ ವ್ಯಾಖ್ಯೆಯ ಬುನಾದಿ ಮಾಡಿಕೊಂಡ ಕಾನೂನು ಗುರುತುಳಿಸದೆ ಹಿಂಸಿಸುವುದನ್ನು ಕಲಿಸಿಕೊಡುತ್ತದೆ. ಚಿತ್ರಹಿಂಸೆಯನ್ನು ತನಿಖೆ ಮಾಡಿ ದಾಖಲಿಸುವ ಬಗೆ ತಿಳಿಸುವ ವಿಶ್ವಸಂಸ್ಥೆಯ ಇಸ್ತಾಂಬುಲ್ ಕೈಪಿಡಿ 1999ರಿಂದಲೂ ಹೇಳುತ್ತಿರುವುದು ಇದನ್ನೇ: ಏಕಾಂತದಲ್ಲಿ ಮಾತನಾಡಿಸಬೇಕು, ಮನಸ್ಸನ್ನೂ ಪರೀಕ್ಷಿಸಬೇಕು, ಗುರುತು ಇಲ್ಲವೆಂದರೆ ಹಿಂಸೆ ನಡೆದಿಲ್ಲ ಎಂದು ಬರೆಯಬಾರದು.

ನಾನು ಸೇವೆಗೆ ಸೇರಿದ ಮೊದಲ ವರ್ಷ ಪೊಲೀಸರನ್ನು ಹೊರಗೆ ಕಳಿಸುವ ಧೈರ್ಯ ಮಾಡಲಿಲ್ಲ. ಈಗ ಕಳಿಸುತ್ತೇನೆ.

ಗಡಿನಾಡ ಓದುಗ

ನಾನು ಚಾಮರಾಜನಗರ ಜಿಲ್ಲೆಯವನು. ‘ಅಸಾಧಾರಣ ಸಂದರ್ಭ’ ಎಂಬ ಸಮರ್ಥನೆ ನಮ್ಮ ರಾಜ್ಯದಲ್ಲೇ ಎಲ್ಲಿಗೆ ಒಯ್ದಿತು ಎಂಬುದು ಸಾರ್ವಜನಿಕ ದಾಖಲೆಯಲ್ಲಿದೆ. ವೀರಪ್ಪನ್ ಬೇಟೆಗೆಂದು ಕರ್ನಾಟಕ ಮತ್ತು ತಮಿಳುನಾಡಿನ ವಿಶೇಷ ಕಾರ್ಯಪಡೆಗಳು ಮಲೆ ಮಹದೇಶ್ವರ ಬೆಟ್ಟದ ಸುತ್ತಮುತ್ತ ಇದ್ದ ವರ್ಷಗಳಲ್ಲಿ ಕಾಡಂಚಿನ ಹಳ್ಳಿಯವರ ಮೇಲೆ ನಡೆದ ದೌರ್ಜನ್ಯದ ದೂರುಗಳನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ನೇಮಿಸಿತು. ಸಮಿತಿ 2003ರಲ್ಲಿ ವರದಿ ಸಲ್ಲಿಸಿತು. 2007ರ ಜನವರಿಯಲ್ಲಿ ಆಯೋಗ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದು ಎರಡೂ ರಾಜ್ಯಗಳಿಗೆ ಹೇಳಿತು. ವೀರಪ್ಪನ್ ಕೊಂದವರ ಪಟ್ಟಿ ಉದ್ದವಿದೆ. ಅವರ ಮನೆಯವರ ದುಃಖವನ್ನು ನಾನು ಸಣ್ಣದು ಮಾಡುತ್ತಿಲ್ಲ. ಆದರೆ ಹಿಂಸೆಗೊಳಗಾದವರು ಸೊಲಿಗರು, ಬಡ ರೈತರು, ಕಾಡಿನಲ್ಲಿ ದನ ಮೇಯಿಸುತ್ತಿದ್ದವರು. ಅವರಲ್ಲಿ ಹಲವರ ಮೇಲೆ ಭಯೋತ್ಪಾದನೆ ತಡೆಗೆಂದು ಮಾಡಿದ್ದ ಟಾಡಾ ಕಾಯ್ದೆ ಹೇರಲಾಗಿತ್ತು. ಪೊಲೀಸ್ ವರಿಷ್ಠಾಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಸಾಕ್ಷ್ಯವೆಂದು ಒಪ್ಪುತ್ತಿದ್ದ ಕಾಯ್ದೆ ಅದು. ವಕೀಲೆಯವರು ಹೇಳಿದ ಬಾಗಿಲನ್ನೇ ಕಿತ್ತಿಟ್ಟಂತೆ.

ಹೇಮಾವತಿ ತೀರ

ಸಂಖ್ಯಾಪ್ರಿಯ ಅವರ ಪ್ರಶ್ನೆಯನ್ನು ಹಗುರವಾಗಿ ದಾಟಿಹೋಗುವುದು ಸರಿಯಲ್ಲ. ‘ಹಿಂಸೆಯಿಂದ ನಿಜ ಹೊರಬರುವುದೇ ಇಲ್ಲ’ ಎಂದು ವಾದಿಸುವವರಿದ್ದಾರೆ. ನಾನು ಹಾಗೆ ಹೇಳುವುದಿಲ್ಲ. 2002ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಬಾಲಕನೊಬ್ಬನ ಅಪಹರಣವಾಯಿತು. ಮಗು ಬದುಕಿರಬಹುದೆಂಬ ನಂಬಿಕೆಯಿಂದ ಪೊಲೀಸ್ ಉಪಮುಖ್ಯಸ್ಥರು ಬಂಧಿತನಿಗೆ ಸಹಿಸಲಾರದ ನೋವು ಕೊಡುವುದಾಗಿ ಬೆದರಿಸಲು ಹೇಳಿದರು. ಬೆದರಿಕೆಗೆ ಅವನು ನಿಜವನ್ನೇ ಹೇಳಿದ. ಆದರೆ ಮಗು ಆಗಲೇ ಸತ್ತಿತ್ತು. ಆ ಅಧಿಕಾರಿ ತಾನು ಮಾಡಿದ್ದನ್ನು ತಾನೇ ಕಡತದಲ್ಲಿ ಬರೆದಿಟ್ಟರು, ನ್ಯಾಯಾಲಯ ಅವರನ್ನು ತಪ್ಪಿತಸ್ಥರೆಂದಿತು, ಶಿಕ್ಷೆ ಮಾತ್ರ ಅತಿ ಹಗುರವಾಗಿತ್ತು. 2010ರಲ್ಲಿ ಐರೋಪ್ಯ ನ್ಯಾಯಾಲಯ, ಬೆದರಿಕೆಯೂ ಅಮಾನವೀಯ ನಡವಳಿಕೆಯೇ, ಒಂದು ಜೀವ ಉಳಿಸಲೆಂದೂ ಇದಕ್ಕೆ ವಿನಾಯಿತಿ ಇಲ್ಲ ಎಂದಿತು. ಒಳ್ಳೆಯ ಉದ್ದೇಶದ ಮನುಷ್ಯನೊಬ್ಬ ಕಾನೂನು ಮುರಿದರೆ ಅವನ ಪರಿಸ್ಥಿತಿ ನೋಡಿ ಶಿಕ್ಷೆ ತಗ್ಗಿಸಬಹುದು. ಅವನಿಗಾಗಿ ಕಾನೂನನ್ನೇ ಮೊದಲೇ ಬಗ್ಗಿಸಿಡಲಾಗದು.

ಬಗ್ಗಿಸಿಟ್ಟರೆ ಏನಾಗುತ್ತದೆಂದು ಇಸ್ರೇಲ್ ತೋರಿಸಿದೆ. 1987ರಲ್ಲಿ ಅಲ್ಲಿನ ಆಯೋಗವೊಂದು ‘ಮಿತವಾದ ದೈಹಿಕ ಒತ್ತಡ’ಕ್ಕೆ ಅನುಮತಿ ನೀಡಿತು. ಹನ್ನೆರಡು ವರ್ಷಗಳಲ್ಲಿ ಅದು ನಿತ್ಯದ ಪದ್ಧತಿಯಾಗಿ, 1999ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಆ ವಿಧಾನಗಳನ್ನು ನಿಷೇಧಿಸಬೇಕಾಯಿತು. ಆದರೂ ಅಧಿಕಾರಿಯ ಮೇಲೆ ಮೊಕದ್ದಮೆ ಬಂದಾಗ ‘ಅನಿವಾರ್ಯತೆ’ಯ ವಾದ ಹೂಡುವ ಅವಕಾಶವನ್ನು ಅದೇ ತೀರ್ಪು ಉಳಿಸಿತು. ನನ್ನ ಮಟ್ಟಿಗೆ ಅಷ್ಟೂ ಹೆಚ್ಚೇ.

ಹಿಂಸೆಯಿಂದ ಸುಳ್ಳೂ ಬರುತ್ತದೆ, ಆ ಸುಳ್ಳಿನ ಬೆಲೆಯನ್ನು ಬೇರೆಯವರು ತೆರುತ್ತಾರೆ. ಅಮೆರಿಕ ಹಿಡಿದು ಈಜಿಪ್ಟಿಗೆ ಒಪ್ಪಿಸಿದ ಇಬ್ನ್ ಅಲ್-ಶೇಖ್ ಅಲ್-ಲಿಬಿ ಎಂಬಾತ, ಇರಾಕ್ ಅಲ್-ಖೈದಾಕ್ಕೆ ರಾಸಾಯನಿಕ ಅಸ್ತ್ರಗಳ ತರಬೇತಿ ಕೊಟ್ಟಿದೆ ಎಂದು ಅಲ್ಲಿ ಹೇಳಿದ. 2003ರ ಫೆಬ್ರುವರಿಯಲ್ಲಿ ಅಮೆರಿಕದ ಅಂದಿನ ವಿದೇಶಾಂಗ ಸಚಿವ ಕಾಲಿನ್ ಪವೆಲ್ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಆ ಮಾತನ್ನು ಬಳಸಿದರು. ಮರುವರ್ಷ ಆತ ಅದನ್ನು ಹಿಂತೆಗೆದುಕೊಂಡ. ಅಷ್ಟರಲ್ಲಿ ಇರಾಕಿನ ಮೇಲೆ ಯುದ್ಧ ನಡೆದುಹೋಗಿತ್ತು.

ಇನ್ನು ‘ತೀವ್ರ’ದ ಪ್ರಶ್ನೆ. 2004ರಿಂದ 2010ರವರೆಗೆ ಚಿತ್ರಹಿಂಸೆಯ ಕುರಿತು ವಿಶ್ವಸಂಸ್ಥೆಯ ವಿಶೇಷ ವರದಿಗಾರರಾಗಿದ್ದ ಮ್ಯಾನ್‌ಫ್ರೆಡ್ ನೋವಾಕ್ ಅವರ ವಾದ ನಮ್ಮ ನಿವೃತ್ತ ಠಾಣಾಧಿಕಾರಿಯವರ ಮಾತಿಗೆ ಆಶ್ಚರ್ಯವಾಗುವಷ್ಟು ಹತ್ತಿರವಿದೆ: ಚಿತ್ರಹಿಂಸೆಯನ್ನು ಬೇರ್ಪಡಿಸಿ ತೋರಿಸುವುದು ನೋವಿನ ಪ್ರಮಾಣಕ್ಕಿಂತ ಹೆಚ್ಚಾಗಿ, ನೋವಿನ ಉದ್ದೇಶ ಮತ್ತು ಅದನ್ನು ಅನುಭವಿಸುವವನ ಸಂಪೂರ್ಣ ಅಸಹಾಯಕತೆ. ಬೀದಿಯ ಗಲಭೆಯಲ್ಲಿ ಬಿದ್ದ ಲಾಠಿ ಏಟು ತಪ್ಪಾಗಿರಬಹುದು. ಅಲ್ಲಿ ಓಡಲು ದಾರಿಯಾದರೂ ಇದೆ. ಕೈ ಕಟ್ಟಿದವನಿಗೆ ಅದಿಲ್ಲ.

ಈ ನೋಟದಿಂದ ನೋಡಿದರೆ ಸ್ನೇಹಲತಾ ರೆಡ್ಡಿಯವರ ವಿಷಯವೂ ಬೇರೆಯಾಗಿ ಕಾಣುತ್ತದೆ. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರ ಮೇ ತಿಂಗಳಲ್ಲಿ ಬಂಧಿತರಾಗಿ, ಶಿಕ್ಷೆಯೇ ಆಗದೆ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಎಂಟು ತಿಂಗಳು ಕಳೆದ ಆ ಕಲಾವಿದೆಗೆ ತೀವ್ರ ಆಸ್ತಮಾ ಇತ್ತು. ಪೆರೋಲ್ ಮೇಲೆ ಬಿಟ್ಟ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡರು. ಉಸಿರಿಗೆ ಕಷ್ಟಪಡುತ್ತಿರುವವರನ್ನು ಬೀಗದೊಳಗೆ ಇಟ್ಟುಕೊಂಡು ತಕ್ಕ ಚಿಕಿತ್ಸೆ ಕೊಡದಿರುವುದಕ್ಕೆ ನಾವು ಇಡುವ ಹೆಸರೇನು? ಏಟನ್ನೇ ಎಣಿಸುವ ವ್ಯಾಖ್ಯೆಯಲ್ಲಿ ಇದಕ್ಕೆ ಜಾಗವಿಲ್ಲ.

ಸಂಖ್ಯಾಪ್ರಿಯ

ಠಾಣಾಧಿಕಾರಿಯವರ ಬರಹವನ್ನು ಎರಡು ಸಲ ಓದಿದೆ. ನನ್ನ ಪ್ರಶ್ನೆಯಲ್ಲಿ ‘ಅವನೇ ಇಟ್ಟವನು, ಅವನಿಗೆ ಗೊತ್ತು’ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಟ್ಟಿದ್ದೆ; ಠಾಣೆಯಲ್ಲಿ ಯಾರಿಗೂ ಅಷ್ಟು ಖಚಿತವಾಗಿ ಗೊತ್ತಿರುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. ಒಂದು ಸಂದೇಹ ಉಳಿದಿದೆ. ನೋವೇ ಇಲ್ಲದ ಮಂಪರು ಪರೀಕ್ಷೆಯಂಥ ದಾರಿಯೂ ತಪ್ಪೇ?

ಜಿಲ್ಲಾ ನ್ಯಾಯಾಲಯದ ವಕೀಲೆ

ಅದಕ್ಕೆ ಉತ್ತರ ಕರ್ನಾಟಕದ ಹೆಸರಿರುವ ತೀರ್ಪಿನಲ್ಲೇ ಇದೆ. 2010ರ ಮೇ 5ರಂದು ಸೆಲ್ವಿ ಮತ್ತು ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳುಪತ್ತೆ, ಬ್ರೈನ್ ಮ್ಯಾಪಿಂಗ್ ನಡೆಸುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಬೇಕಿಲ್ಲ ಎನ್ನುವ ಸಂವಿಧಾನದ 20(3)ನೇ ವಿಧಿಗೂ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ 21ನೇ ವಿಧಿಗೂ ವಿರುದ್ಧ ಎಂದಿತು; ಅದನ್ನು ಕ್ರೂರ, ಅಮಾನವೀಯ, ಅವಮಾನಕರ ನಡವಳಿಕೆಯ ಸಾಲಿಗೇ ಸೇರಿಸಿತು. ಸೂಜಿಯ ನೋವು ದೊಡ್ಡದಲ್ಲ. ಮೌನವಾಗಿರುವ ಹಕ್ಕುಳ್ಳ ಮನುಷ್ಯನ ಮನಸ್ಸಿನೊಳಕ್ಕೆ ಔಷಧದ ಬಲದಿಂದ ನುಗ್ಗುವುದು ಅಲ್ಲಿನ ಪ್ರಶ್ನೆ.

ಸುದ್ದಿಮನೆಯವನು

ಇಷ್ಟು ದಿನ ಓದುತ್ತಿದ್ದೆ, ಈಗ ಬರೆಯುತ್ತಿದ್ದೇನೆ. ನಾನು ಪತ್ರಿಕೆಯೊಂದರ ಉಪಸಂಪಾದಕ. ‘ತಮ್ಮದೇ ಶೈಲಿಯಲ್ಲಿ ವಿಚಾರಿಸಿದಾಗ’ ಎಂಬ ವಾಕ್ಯವನ್ನು ನಾನೇ ನೂರಾರು ಸಲ ಪುಟಕ್ಕೆ ಬಿಟ್ಟಿದ್ದೇನೆ. ಅದನ್ನು ತೆಗೆದು ಏನು ಬರೆಯಬೇಕು ಎಂದು ವಕೀಲೆಯವರು ತಿಳಿಸುವರೇ? ಸುದ್ದಿ ಎರಡು ಸಾಲಿನದ್ದಾಗಿರುತ್ತದೆ, ಜಾಗ ಕಡಿಮೆ.

ಜಿಲ್ಲಾ ನ್ಯಾಯಾಲಯದ ವಕೀಲೆ

ಎರಡು ಸಾಲು ಸಾಕು. ‘ಆರೋಪಿಯನ್ನು ಇಂಥ ದಿನ, ಇಷ್ಟು ಗಂಟೆಗೆ ವಶಕ್ಕೆ ಪಡೆದು, ಇಂಥ ದಿನ ನ್ಯಾಯಾಧೀಶರ ಮುಂದೆ ಹಾಜರುಪಡಿಸಲಾಗಿದೆ. ಆತ ತಪ್ಪೊಪ್ಪಿಕೊಂಡಿದ್ದಾನೆ ಎಂಬುದು ಪೊಲೀಸರ ಹೇಳಿಕೆ. ಇದು ಕಾನೂನಿನ ಪ್ರಕಾರ ಸಾಕ್ಷ್ಯವಲ್ಲ.’ ದಿನ ಮತ್ತು ಗಂಟೆಯನ್ನು ಬಿಡಬೇಡಿ. ನ್ಯಾಯಾಧೀಶರ ಮುಂದೆ ಹಾಜರುಪಡಿಸಲು ಇರುವ 24 ಗಂಟೆಯ ಗಡುವು ಮೀರಿದ್ದರೆ ಅದು ಅಲ್ಲೇ ಕಾಣಿಸುತ್ತದೆ.

ಸುದ್ದಿಮನೆಯವನು

ಬರೆದುಕೊಂಡೆ. ಇಂದು ರಾತ್ರಿಯ ಪುಟದಲ್ಲಿ ಮನೆಗಳವಿನ ಸುದ್ದಿಯೊಂದಿದೆ. ವಶಕ್ಕೆ ಪಡೆದ ಗಂಟೆ ಅದರಲ್ಲಿಲ್ಲ. ವರದಿಗಾರರಿಗೆ ಫೋನ್ ಮಾಡಿ ಕೇಳುತ್ತೇನೆ.